ಕೊಲೆಸ್ಟ್ರಾಲ್‌ಗೆ ಗುಳಿಗೆಯೋ, ಜೋಳದ ರೊಟ್ಟಿ–ವಾಕಿಂಗೋ? ಯಾರಿಗೆ ಯಾವುದು ಸಾಕು, ಯಾವುದು ಸಾಲದು

ಸಂಕ್ಷಿಪ್ತವಾಗಿ

• ಒಮ್ಮೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಕೊಲೆಸ್ಟ್ರಾಲ್ ಗುಳಿಗೆ ಬಿಟ್ಟು ಬರೀ ಪಥ್ಯದ ಮೇಲೆ ಇರುವುದು ಅಪಾಯಕಾರಿ.
• ವಯಸ್ಸು ಚಿಕ್ಕದಿದ್ದು, ಶುಗರ್, ಬಿಪಿ, ತಂಬಾಕು ಯಾವುದೂ ಇಲ್ಲದೆ ಎಲ್‌ಡಿಎಲ್ ಮಾತ್ರ ಸ್ವಲ್ಪ ಹೆಚ್ಚಿರುವವರಿಗೆ ಸಾಮಾನ್ಯವಾಗಿ ಊಟ ಮತ್ತು ನಡಿಗೆಯೇ ಮೊದಲ ಹೆಜ್ಜೆ.
• ಲ್ಯಾಬ್ ವರದಿಯ ಒಂದೇ ನಂಬರ್ ನೋಡಿ ಗುಳಿಗೆ ಶುರು ಮಾಡುವುದೂ ತಪ್ಪು, ಒಂದೇ ಫಾರ್ವರ್ಡ್ ನೋಡಿ ಬಿಡುವುದೂ ತಪ್ಪು.

ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಏನು?

"ಕೊಲೆಸ್ಟ್ರಾಲ್ ಗುಳಿಗೆ ಇವತ್ತೇ ಬಿಡಿ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನುತುಪ್ಪ, ಆಪಲ್ ಸೈಡರ್ ವಿನೆಗರ್ ಕೂಡಿಸಿ ಕುಡಿಯಿರಿ. ಹೃದಯದ ಬ್ಲಾಕೇಜ್ ಕರಗುತ್ತದೆ." ಈ ಸಂದೇಶದ ಒಂದಲ್ಲ ಒಂದು ರೂಪ ನಿಮ್ಮ ಗುಂಪಿಗೂ ಬಂದಿರಬಹುದು. ಇದಕ್ಕೆ ಪೂರ್ತಿ ಉಲ್ಟಾ ಇರುವ ಸಂದೇಶವೂ ಓಡಾಡುತ್ತದೆ: "ನಲವತ್ತು ದಾಟಿದವರೆಲ್ಲ ಈ ಗುಳಿಗೆ ತಗೊಳ್ಳಲೇಬೇಕು." ಎರಡರಲ್ಲೂ ಒಂದೇ ಕೊರತೆ ಇದೆ. ಓದುತ್ತಿರುವವರ ವಯಸ್ಸೆಷ್ಟು, ಶುಗರ್ ಇದೆಯೇ, ಎದೆಯಲ್ಲಿ ಸ್ಟೆಂಟ್ ಇದೆಯೇ ಎಂದು ಎರಡೂ ಕೇಳುವುದಿಲ್ಲ.

ಇಂಥ ಸಂದೇಶಗಳು ಹೆದರಿಕೆಯ ಹೊತ್ತಿನಲ್ಲಿ ಬೇಗ ಹರಡುತ್ತವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆಗ ಜಿಮ್‌ಗೆ ಹೋಗುವುದೇ ಅಪಾಯ ಎಂಬ ಮಾತು ಹಬ್ಬಿತು. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಕೋವಿಡ್ ಲಸಿಕೆಗೂ ಅಕಾಲಿಕ ಹೃದಯಕಾಯಿಲೆಗೂ ನಂಟು ಕಾಣಲಿಲ್ಲ ಎಂದ ಸಮಿತಿ, ಕಾರಣ ಒಂದೇ ಅಲ್ಲ, ಹಲವು ಎಂದಿತು. ಅದು ಬೊಟ್ಟು ಮಾಡಿದ್ದು ಶುಗರ್, ಬಿಪಿ, ಕೊಲೆಸ್ಟ್ರಾಲ್, ಧೂಮಪಾನದಂಥ ಹಳೆಯ ಕಾರಣಗಳ ಕಡೆಗೇ.

ವಿಜಯಪುರದ ಜೋರಾಪುರ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ, ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೂ ಈ ಲೆಕ್ಕ ಸಂಬಂಧಪಟ್ಟದ್ದೇ. ಇಲ್ಲಿಗೆ ಹತ್ತಿರದ ಜಯದೇವ ಶಾಖೆ ಕಲಬುರಗಿಯಲ್ಲಿದೆ, ಸುಮಾರು 160 ಕಿ.ಮೀ. ದೂರ. ಹೃದಯಾಘಾತ ಆದಮೇಲೆ ಓಡುವುದಕ್ಕಿಂತ ಆಗದಂತೆ ನೋಡಿಕೊಳ್ಳುವುದು ಇಲ್ಲಿಯವರಿಗೆ ಇನ್ನೂ ಮುಖ್ಯ.

ಕೊಲೆಸ್ಟ್ರಾಲ್ ಎಲ್ಲಿಂದ ಬರುತ್ತದೆ?

ಕೊಲೆಸ್ಟ್ರಾಲ್ ವಿಷವಲ್ಲ. ಜೀವಕೋಶದ ಗೋಡೆ, ಹಾರ್ಮೋನು, ಪಿತ್ತರಸ, ವಿಟಮಿನ್ ಡಿ ಇವೆಲ್ಲಕ್ಕೂ ಅದು ಬೇಕು. ಅದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರ್‌ನ ಪಾತ್ರ ದೊಡ್ಡದು. ಊಟದಿಂದ ನೇರವಾಗಿ ಬರುವ ಪಾಲು ಚಿಕ್ಕದು. ಅದಕ್ಕೇ ಮೊಟ್ಟೆ, ಮಾಂಸ ಮುಟ್ಟದ ಶುದ್ಧ ಸಸ್ಯಾಹಾರಿಗಳಿಗೂ ಕೊಲೆಸ್ಟ್ರಾಲ್ ಹೆಚ್ಚಿರಬಹುದು.

ತೊಂದರೆ ಕೊಡುವುದು ಅದನ್ನು ರಕ್ತದಲ್ಲಿ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ಹೆಚ್ಚಾದಾಗ. ಅವು ರಕ್ತನಾಳದ ಒಳಗೋಡೆಗೆ ನುಗ್ಗಿ ವರ್ಷಗಟ್ಟಲೆ ಜಮೆಯಾಗುತ್ತವೆ. ಆ ಜಮೆ ಒಂದು ದಿನ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಹೃದಯಾಘಾತವಾಗುತ್ತದೆ. ಹಾಗಾಗಿ ಎಲ್‌ಡಿಎಲ್ ಎಷ್ಟಿದೆ ಎನ್ನುವುದರ ಜೊತೆಗೆ, ಎಷ್ಟು ವರ್ಷದಿಂದ ಹೆಚ್ಚಿದೆ ಎನ್ನುವುದೂ ಮುಖ್ಯ. ನೋವು, ಉರಿ, ಸುಸ್ತು ಏನೂ ಇರುವುದಿಲ್ಲ. "ನನಗೇನೂ ಆಗಿಲ್ಲವಲ್ಲ, ಗುಳಿಗೆ ಯಾಕೆ?" ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ 24% ಮಂದಿಗೆ ಕೊಲೆಸ್ಟ್ರಾಲ್ ಹೆಚ್ಚಿದೆ, 11.4% ಮಂದಿಗೆ ಮಧುಮೇಹ, 35.5% ಮಂದಿಗೆ ಅಧಿಕ ರಕ್ತದೊತ್ತಡ ಇದೆ. ಇವು ಒಬ್ಬರಲ್ಲೇ ಕೂಡಿಬಂದಾಗ ಅಪಾಯ ಹಲವು ಪಟ್ಟು ಏರುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಇತರ ದೇಶದವರಿಗಿಂತ ಸುಮಾರು 5–6 ವರ್ಷ ಮುಂಚೆ ಎಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ.

ಗುಳಿಗೆ ಏನು ಮಾಡುತ್ತದೆ?

ಕೊಲೆಸ್ಟ್ರಾಲ್‌ಗೆ ಹೆಚ್ಚಾಗಿ ಬರೆದುಕೊಡುವುದು ಸ್ಟಾಟಿನ್ ಗುಂಪಿನ ಔಷಧ. ನಿಮ್ಮ ಚೀಟಿಯಲ್ಲಿ ಅಟೊರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಎಂಬ ಹೆಸರು ಇರಬಹುದು.

ಇದು "ಕೆಮಿಕಲ್", ಬೆಳ್ಳುಳ್ಳಿ "ನ್ಯಾಚುರಲ್" ಎಂಬ ವಾದ ಸಾಮಾನ್ಯ. ಆದರೆ ಸ್ಟಾಟಿನ್ ಮೊದಲು ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ರೈತ ಕುಟುಂಬದಲ್ಲಿ ಹುಟ್ಟಿದ ವಿಜ್ಞಾನಿ ಅಕಿರಾ ಎಂಡೊ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ ಮೊದಲ ಸ್ಟಾಟಿನ್ ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಲೊವಾಸ್ಟಾಟಿನ್ ಮಾರುಕಟ್ಟೆಗೆ ಬಂತು. ಆನ್‌ಲೈನ್‌ನಲ್ಲಿ "ನೈಸರ್ಗಿಕ" ಎಂದು ಮಾರುವ ರೆಡ್ ಯೀಸ್ಟ್ ರೈಸ್ ಕ್ಯಾಪ್ಸೂಲಿನಲ್ಲಿ ಕೆಲಸ ಮಾಡುವುದೂ ಅದೇ ಲೊವಾಸ್ಟಾಟಿನ್ ಅಣು. ಅದು ಎಷ್ಟಿದೆ ಎಂಬ ಖಾತ್ರಿ ಮಾತ್ರ ಇರುವುದಿಲ್ಲ.

ಸ್ಟಾಟಿನ್ ಲಿವರ್ ಒಳಗೆ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಮನೆಯ ಬೋರ್‌ವೆಲ್ ಬತ್ತಿದರೆ ಹೊರಗಿನಿಂದ ನೀರು ತುಂಬಿಕೊಳ್ಳುತ್ತೇವಲ್ಲ, ಹಾಗೆ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚು ಎಳೆದುಕೊಳ್ಳಲು ಶುರು ಮಾಡುತ್ತದೆ. ಮಧ್ಯಮ ಪ್ರಮಾಣದ ಗುಳಿಗೆಯಿಂದ ಎಲ್‌ಡಿಎಲ್ 30ರಿಂದ 49%, ಹೆಚ್ಚಿನ ಪ್ರಮಾಣದಿಂದ 50% ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತದೆ.

ನಂಬರ್ ಇಳಿದರೆ ಜೀವ ಉಳಿಯುತ್ತದೆಯೇ? ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 1994ರಲ್ಲಿ. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಈಗಾಗಲೇ ಹೃದಯಕಾಯಿಲೆ ಇದ್ದ 4,444 ಜನರಲ್ಲಿ ಅರ್ಧ ಮಂದಿಗೆ ಸಿಂವಾಸ್ಟಾಟಿನ್, ಉಳಿದರ್ಧಕ್ಕೆ ಔಷಧವಿಲ್ಲದ ಡಮ್ಮಿ ಗುಳಿಗೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಲಾಯಿತು. ಡಮ್ಮಿ ಗುಳಿಗೆಯವರಲ್ಲಿ 256 ಮಂದಿ ಸತ್ತರು, ನಿಜವಾದ ಗುಳಿಗೆಯವರಲ್ಲಿ 182. ಅಂದರೆ 100ಕ್ಕೆ ಸುಮಾರು 12 ಸಾವು ಇದ್ದದ್ದು 8ಕ್ಕೆ ಇಳಿಯಿತು.

2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪರಾಮರ್ಶೆಯ ಲೆಕ್ಕ ಇನ್ನೂ ಸ್ಪಷ್ಟ. 10,000 ಮಂದಿ ಐದು ವರ್ಷ ಸ್ಟಾಟಿನ್ ತೆಗೆದುಕೊಂಡು ಎಲ್‌ಡಿಎಲ್ ಸುಮಾರು 77 ಮಿ.ಗ್ರಾಂನಷ್ಟು ಇಳಿಸಿಕೊಂಡರು ಅನ್ನಿ. ಅವರಿಗೆ ಈಗಾಗಲೇ ಹೃದಯಕಾಯಿಲೆ ಇದ್ದರೆ ಸುಮಾರು 1,000 ಮಂದಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಡಾಂತರದಿಂದ ಪಾರಾಗುತ್ತಾರೆ. ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬರುವ ಅಪಾಯ ಹೆಚ್ಚಿದೆ ಎನ್ನುವವರಾದರೆ ಸುಮಾರು 500 ಮಂದಿ. ಅಪಾಯವೇ ಕಡಿಮೆ ಇರುವ ಯುವಕರಲ್ಲಿ ಈ ಲಾಭ ಇನ್ನೂ ಸಣ್ಣದು. ಗುಳಿಗೆಯಿಂದ ನಿಮಗೆಷ್ಟು ಲಾಭ ಎಂಬುದು ನಿಮ್ಮ ಅಪಾಯ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಊಟದಿಂದ ಎಷ್ಟು ಇಳಿಯುತ್ತದೆ?

"ಪಥ್ಯದಿಂದ ಏನೂ ಆಗಲ್ಲ" ಎನ್ನುವುದೂ ಸುಳ್ಳು. 2003ರಲ್ಲಿ ಕೆನಡಾದ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ತಂಡ ಊಟ ಮತ್ತು ಗುಳಿಗೆಯನ್ನು ನೇರವಾಗಿ ಎದುರುಬದುರು ನಿಲ್ಲಿಸಿತು. 46 ಮಂದಿಯನ್ನು ಮೂರು ಗುಂಪು ಮಾಡಲಾಯಿತು. ಬರೀ ಜಿಡ್ಡು ಕಡಿಮೆ ಮಾಡಿದವರಿಗೆ ನಾಲ್ಕು ವಾರದಲ್ಲಿ ಎಲ್‌ಡಿಎಲ್ 8% ಇಳಿಯಿತು. ಅದೇ ಊಟದ ಜೊತೆ ಲೊವಾಸ್ಟಾಟಿನ್ ಗುಳಿಗೆ ತೆಗೆದುಕೊಂಡವರಿಗೆ ಸುಮಾರು 31%. ಓಟ್ಸ್, ಬಾರ್ಲಿಯಂಥ ನಾರು, ಸೋಯಾ, ಬಾದಾಮಿ, ಸಸ್ಯಮೂಲದ ಸ್ಟೆರಾಲ್ ಎಲ್ಲವನ್ನೂ ಕೂಡಿಸಿ ಉಂಡವರಿಗೆ ಸುಮಾರು 29%. ಊಟ ಗುಳಿಗೆಗೆ ಹೆಚ್ಚುಕಡಿಮೆ ಸಮಕ್ಕೆ ನಿಂತಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಅಧ್ಯಯನದಲ್ಲಿ ಊಟವನ್ನು ಸಂಶೋಧಕರೇ ಅಳೆದು ಕೊಟ್ಟಿದ್ದರು. ಅದೇ ತಂಡ 2011ರಲ್ಲಿ 345 ಮಂದಿಗೆ ಸಲಹೆಯನ್ನಷ್ಟೇ ಕೊಟ್ಟು, ಅವರವರ ಮನೆಯಲ್ಲೇ ಅಡುಗೆ ಮಾಡಿಕೊಳ್ಳಲು ಬಿಟ್ಟಿತು. ಆರು ತಿಂಗಳ ನಂತರ ಇಳಿದದ್ದು 13–14%. ಮನೆಯಲ್ಲಿ ಮದುವೆ, ಜಾತ್ರೆ, ಕೆಲಸದ ಒತ್ತಡ, ಬೇರೆಯವರ ರುಚಿ ಎಲ್ಲ ಇರುತ್ತದೆ. ಪಥ್ಯದ ನಿಜವಾದ ಶಕ್ತಿ ಎಷ್ಟು ಎಂದರೆ ಈ 13–14% ಅನ್ನೇ ಹಿಡಿಯಬೇಕು. ಎಲ್‌ಡಿಎಲ್ 125 ಇರುವವರನ್ನು ಅದು 110ರ ಹತ್ತಿರಕ್ಕೆ ತರಬಹುದು. 190 ಇರುವವರನ್ನು 100ಕ್ಕೆ ತರಲಾರದು.

ಇನ್ನೊಂದು ಮಾತು ಲ್ಯಾಬ್ ವರದಿಯಲ್ಲಿ ಕಾಣಿಸುವುದಿಲ್ಲ. ಫ್ರಾನ್ಸಿನ ಲಿಯಾನ್‌ನಲ್ಲಿ ಹೃದಯಾಘಾತದಿಂದ ಪಾರಾದ 605 ಮಂದಿಯಲ್ಲಿ ಒಂದು ಗುಂಪಿಗೆ ತರಕಾರಿ, ಹಣ್ಣು, ಕಾಳು ಹೆಚ್ಚಿರುವ ಮೆಡಿಟರೇನಿಯನ್ ಊಟ ಕೊಡಿಸಲಾಯಿತು. ಎರಡೂ ಗುಂಪಿನ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಒಂದೇ ಇತ್ತು. ಆದರೂ ಒಳ್ಳೆಯ ಊಟದ ಗುಂಪಿನಲ್ಲಿ ಮತ್ತೆ ಹೃದಯಾಘಾತ ಆಗುವುದು ಅರ್ಧಕ್ಕಿಂತ ಕಡಿಮೆಯಾಯಿತು. ಅಧ್ಯಯನ ಚಿಕ್ಕದು ನಿಜ. ಆದರೂ ಊಟ ಕೊಲೆಸ್ಟ್ರಾಲ್ ನಂಬರ್‌ನ ಆಚೆಗೂ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ, ಇನ್ನು ಭಜಿ ಎಷ್ಟು ತಿಂದರೂ ನಡೆಯುತ್ತದೆ ಎನ್ನುವವರು ಈ ಲಾಭ ಕಳೆದುಕೊಳ್ಳುತ್ತಾರೆ.

ನಮ್ಮ ತಾಟಿನಲ್ಲಿ ಏನಿದೆ?

ಒಳ್ಳೆಯ ಸುದ್ದಿ ಏನೆಂದರೆ, ವಿಜಯಪುರ ಸೀಮೆಯ ಹಳೆಯ ಊಟಕ್ಕೆ ಓಟ್ಸ್ ಡಬ್ಬಿ ತರಬೇಕಾಗಿಲ್ಲ.

• ಬಿಳಿಜೋಳದ ರೊಟ್ಟಿ: ಮೈದಾ, ಪಾಲಿಶ್ ಅಕ್ಕಿಗಿಂತ ನಾರು ಹೆಚ್ಚು. ಇಕ್ರಿಸ್ಯಾಟ್ ನೇತೃತ್ವದಲ್ಲಿ 2021ರಲ್ಲಿ ಬಂದ, 19 ಅಧ್ಯಯನಗಳ ವಿಶ್ಲೇಷಣೆಯಲ್ಲಿ ಸಿರಿಧಾನ್ಯ ತಿಂದವರ ಒಟ್ಟು ಕೊಲೆಸ್ಟ್ರಾಲ್ ಸರಾಸರಿ 8% ಇಳಿದಿತ್ತು. ಆದರೆ ಜೋಳದ ನಾರಿನಲ್ಲಿ ಹೆಚ್ಚಿನದು ನೀರಿನಲ್ಲಿ ಕರಗದ ಜಾತಿ. ಎಲ್‌ಡಿಎಲ್ ಇಳಿಸುವುದರಲ್ಲಿ ಕರಗುವ ನಾರಿಗೆ ಬಲ ಜಾಸ್ತಿ. ಆದ್ದರಿಂದ ರೊಟ್ಟಿ ಒಳ್ಳೆಯದು, ಔಷಧವಲ್ಲ.
• ಕಾಳು ಪಲ್ಯ: ಮಡಕಿ, ಹೆಸರು, ಕಡಲೆ, ತೊಗರಿಯಲ್ಲಿ ಕರಗುವ ನಾರು ಇದೆ. ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಕಾಳು ತಿಂದವರಲ್ಲಿ ಎಲ್‌ಡಿಎಲ್ ಸುಮಾರು 5% ಇಳಿದದ್ದನ್ನು ಕೆನಡಾದ ಸಂಶೋಧಕರು 2014ರಲ್ಲಿ ದಾಖಲಿಸಿದ್ದಾರೆ. ಅದು ಒಂದು ಬಟ್ಟಲು ಪಲ್ಯ.
• ಅಗಸಿ ಚಟ್ನಿ, ಶೇಂಗಾ ಚಟ್ನಿ: ಅಗಸಿಯಲ್ಲಿ ನಾರು ಮತ್ತು ಒಮೇಗಾ–3 ಎರಡೂ ಇವೆ, ಶೇಂಗಾದಲ್ಲಿ ಒಳ್ಳೆಯ ಕೊಬ್ಬು ಇದೆ. ಆದರೆ ಅಧ್ಯಯನಗಳಲ್ಲಿ ಕೊಟ್ಟದ್ದು ದಿನಕ್ಕೆ 30 ಗ್ರಾಂನಷ್ಟು ಅಗಸಿ ಪುಡಿ. ರೊಟ್ಟಿ ತುದಿಗೆ ಹಚ್ಚಿಕೊಳ್ಳುವ ಚಿಟಿಕೆ ಚಟ್ನಿಯಿಂದ ಅಷ್ಟೇ ಫಲ ನಿರೀಕ್ಷಿಸಬಾರದು.
• ಹಸಿ ಮೆಂತ್ಯ, ಸೌತೆಕಾಯಿ, ಉಳ್ಳಾಗಡ್ಡಿ, ಮೂಲಂಗಿ: ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಈ ರೂಢಿಯನ್ನು ಬಿಡಬೇಡಿ.

ಕೆಡಿಸುತ್ತಿರುವುದು ಬೇರೆ ಕಡೆ ಇದೆ. ಬೇಕರಿಯ ಖಾರಿ, ಪಫ್, ಕ್ರೀಂ ಬಿಸ್ಕೆಟ್, ಡಾಲ್ಡಾದಲ್ಲಿ ಮಾಡಿದ ಸಿಹಿ, ದಿನವಿಡೀ ಕುದಿಯುವ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ, ಮೇಲಿಂದ ಮೇಲೆ ಸಕ್ಕರೆ ಹಾಕಿದ ಚಹಾ. ವನಸ್ಪತಿ ಮತ್ತು ಎಣ್ಣೆಯಲ್ಲಿ ಟ್ರಾನ್ಸ್ ಫ್ಯಾಟ್ 2% ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೂ ಗಟ್ಟಿ ಕೊಬ್ಬು ಹೆಚ್ಚಿರುವ ತಾಳೆ ಎಣ್ಣೆ, ವನಸ್ಪತಿ ಎಲ್‌ಡಿಎಲ್ ಏರಿಸುತ್ತವೆ. ಈ ಭಾಗದ ಕುಸುಬಿ ಎಣ್ಣೆ, ಶೇಂಗಾ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ಕಡಿಮೆ. ಹಾಗೆಂದು ಧಾರಾಳವಾಗಿ ಸುರಿಯುವಂತಿಲ್ಲ. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ ಎಂದು ಎರಡು ತಿಂಗಳು ಬರೆದಿಡಿ. ಎಲ್ಲಿ ಇಳಿಸಬಹುದು ಎಂದು ನಿಮಗೇ ಗೊತ್ತಾಗುತ್ತದೆ.

ವಾಕಿಂಗ್ ಮಾಡಿದರೆ ಎಲ್‌ಡಿಎಲ್ ಇಳಿಯುತ್ತದೆಯೇ?

ಸ್ವಲ್ಪವೇ ಇಳಿಯುತ್ತದೆ. ಮೂರು ತಿಂಗಳು ದಿನಾ ಗೋಳಗುಮ್ಮಟದ ಸುತ್ತ ನಡೆದರೂ ನಂಬರ್ ಅಷ್ಟಾಗಿ ಬದಲಾಗಲಿಲ್ಲವಲ್ಲ ಎಂದು ಬೇಸರಪಡುವವರಿದ್ದಾರೆ. ನಡಿಗೆ ಹೆಚ್ಚು ಇಳಿಸುವುದು ಟ್ರೈಗ್ಲಿಸರೈಡ್, ಶುಗರ್, ಬಿಪಿ ಮತ್ತು ಹೊಟ್ಟೆಯ ಬೊಜ್ಜನ್ನು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಎನ್ನುವುದು ಭಾರತೀಯರಲ್ಲಿ ಸಾಮಾನ್ಯವಾಗಿರುವುದರಿಂದ ನಮಗೆ ನಡಿಗೆ ಇನ್ನೂ ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಬಹುದು ಆದರೆ ಹಾಡಲು ಆಗದಷ್ಟು ಚುರುಕಿನ ನಡಿಗೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು ಏರುವ ಮುಂಚೆಯೇ ಮುಗಿಸುವುದು ಒಳ್ಳೆಯದು. ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಬೇಡದಿರಬಹುದು. ಗಲ್ಲೆಯ ಮೇಲೆ ಇಡೀ ದಿನ ಕೂರುವವರಿಗೆ ಖಂಡಿತ ಬೇಕು. ಗಟ್ಟಿ ದೇಹ, ದಿನವೂ ಕಸರತ್ತು ಇದ್ದರೆ ತಪಾಸಣೆ ಬೇಡ ಎಂದಲ್ಲ. ಹಾಗೆಯೇ ಒಬ್ಬ ಕಸರತ್ತುಗಾರರಿಗೆ ಹೃದಯಾಘಾತ ಆಯಿತೆಂದು ಕಸರತ್ತೇ ಕೆಟ್ಟದ್ದು ಎಂದೂ ಅಲ್ಲ.

ಒಂದೇ ನಂಬರ್, ಮೂರು ಮಂದಿ

ಮೂವರನ್ನು ಊಹಿಸಿಕೊಳ್ಳಿ. ಮೂವರ ಎಲ್‌ಡಿಎಲ್ ಕೂಡ 128.

ಮೊದಲನೆಯವರು 32 ವರ್ಷದ ಶಿಕ್ಷಕಿ. ಶುಗರ್, ಬಿಪಿ ಇಲ್ಲ, ತಂಬಾಕು ಇಲ್ಲ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇಲ್ಲ. ಇವರಿಗೆ ಸಾಮಾನ್ಯವಾಗಿ ಮೊದಲು ಊಟ ಮತ್ತು ನಡಿಗೆ, ಸುಮಾರು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಮೊದಲ ದಿನವೇ ಗುಳಿಗೆ ಶುರು ಮಾಡುವ ಅವಸರ ಇಲ್ಲ.

ಎರಡನೆಯವರು 54 ವರ್ಷದ ಕಿರಾಣಿ ವ್ಯಾಪಾರಿ. ಎಂಟು ವರ್ಷದಿಂದ ಶುಗರ್, ಜೊತೆಗೆ ಬಿಪಿ, ದಿನಕ್ಕೆ ನಾಲ್ಕಾರು ಸಿಗರೇಟು. ಎದೆನೋವು ಎಂದೂ ಬಂದಿಲ್ಲ. ಇವರಿಗೆ ಪಥ್ಯದ ಜೊತೆಗೇ ಗುಳಿಗೆಯನ್ನೂ ವೈದ್ಯರು ಹೇಳುತ್ತಾರೆ. "ಮೊದಲು ಆರು ತಿಂಗಳು ಪಥ್ಯ ನೋಡೋಣ" ಎಂದು ಕಾಯುವುದು ಇವರಿಗೆ ಲಾಭದ ಮಾತಲ್ಲ. ಗುಳಿಗೆಗಿಂತಲೂ ಮೊದಲು ಬಿಡಬೇಕಾದದ್ದು ಸಿಗರೇಟು.

ಮೂರನೆಯವರು 61 ವರ್ಷದ ದ್ರಾಕ್ಷಿ ಬೆಳೆಗಾರ. ಎರಡು ವರ್ಷದ ಹಿಂದೆ ಸ್ಟೆಂಟ್ ಬಿದ್ದಿದೆ. ಇವರ ಪಾಲಿಗೆ 128 ಎನ್ನುವುದು ಎಚ್ಚರಿಕೆಯ ಗಂಟೆ. ಗುಳಿಗೆ ಬಿಟ್ಟಿರಬೇಕು, ಇಲ್ಲವೇ ಪ್ರಮಾಣ ಸಾಲುತ್ತಿಲ್ಲ.

ಭಾರತೀಯ ಹೃದ್ರೋಗ ತಜ್ಞರ ಸಂಘ (ಸಿಎಸ್ಐ) 2024ರ ಜುಲೈನಲ್ಲಿ ಕೊಟ್ಟ ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ. ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ಕ್ಕಿಂತ ಕಡಿಮೆ, ಶುಗರ್, ಬಿಪಿಯಂಥ ಹೆಚ್ಚಿನ ಅಪಾಯ ಇರುವವರಿಗೆ 70ಕ್ಕಿಂತ ಕಡಿಮೆ, ಹೃದಯಾಘಾತ, ಪಾರ್ಶ್ವವಾಯು ಆದವರಿಗೆ 55ಕ್ಕಿಂತ ಕಡಿಮೆ ಇರಬೇಕು ಎಂದು ಅದು ಹೇಳುತ್ತದೆ. ಲ್ಯಾಬ್ ವರದಿಯ ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ಅಂಕಿಗೆ ನೀವು ಯಾರೆಂದು ಗೊತ್ತಿಲ್ಲ. ಅದು ಎಲ್ಲರಿಗೂ ಒಂದೇ.

ನಾಲ್ಕನೆಯ ಗುಂಪೂ ಇದೆ. ಎಲ್‌ಡಿಎಲ್ 190 ಅಥವಾ ಮೇಲೆ ಇದ್ದರೆ ಅದು ಅನುವಂಶೀಯವಾಗಿ ಬಂದದ್ದಾಗಿರಬಹುದು. ಜಗತ್ತಿನಲ್ಲಿ ಸುಮಾರು 250 ಮಂದಿಗೆ ಒಬ್ಬರಲ್ಲಿ ಈ ಗುಣ ಇರುತ್ತದೆ. ಇಲ್ಲಿ ವಯಸ್ಸು ಚಿಕ್ಕದಿದ್ದರೂ ಪಥ್ಯ ಮಾತ್ರ ಸಾಲದು. ಅಣ್ಣ, ತಂಗಿ, ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕು.

ಸೈಡ್ ಎಫೆಕ್ಟ್: ಎಷ್ಟು ನಿಜ, ಎಷ್ಟು ಹೆದರಿಕೆ?

ಮೈಕೈ ನೋವು ಎಲ್ಲಕ್ಕಿಂತ ಹೆಚ್ಚು ಕೇಳುವ ದೂರು. 2022ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ ಸ್ಟಾಟಿನ್ ತೆಗೆದುಕೊಂಡವರಲ್ಲಿ 27.1% ಮಂದಿ ಸ್ನಾಯು ನೋವು ಹೇಳಿದರು. ಡಮ್ಮಿ ಗುಳಿಗೆ ತೆಗೆದುಕೊಂಡವರಲ್ಲಿ ಹೇಳಿದವರು 26.6%. ನೋವು ನಿಜ, ಆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಕಾರಣ ಈ ಗುಳಿಗೆಯಲ್ಲ. ವಯಸ್ಸು, ಕೆಲಸ, ಥೈರಾಯ್ಡ್, ವಿಟಮಿನ್ ಡಿ ಕೊರತೆ ಇರಬಹುದು. ನಿಜವಾಗಿ ಗುಳಿಗೆಯಿಂದಲೇ ಬಂದಿದ್ದರೆ ಪ್ರಮಾಣ ಇಳಿಸುವುದು, ಬೇರೆ ಸ್ಟಾಟಿನ್ ಕೊಡುವುದು, ಎಜೆಟಿಮೈಬ್‌ನಂಥ ಬೇರೆ ಜಾತಿಯ ಔಷಧ ಕೊಡುವುದು ಎಂಬ ದಾರಿಗಳಿವೆ.

ಶುಗರ್ ಬರುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶ ಇದೆ. ಮೇಲೆ ಹೇಳಿದ ಲ್ಯಾನ್ಸೆಟ್ ಲೆಕ್ಕದಲ್ಲಿ 10,000 ಮಂದಿಯಲ್ಲಿ ಐದು ವರ್ಷಕ್ಕೆ 50ರಿಂದ 100 ಮಂದಿಗೆ ಹೊಸದಾಗಿ ಮಧುಮೇಹ, ಸುಮಾರು 5 ಮಂದಿಗೆ ತೀವ್ರ ಸ್ನಾಯು ತೊಂದರೆ, 5ರಿಂದ 10 ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಮಧುಮೇಹ ಹೆಚ್ಚಾಗಿ ಬರುವುದು ಈಗಾಗಲೇ ಗಡಿಯ ಹತ್ತಿರ ಇರುವವರಿಗೆ. ಇದನ್ನು 500 ಅಥವಾ 1,000 ಮಂದಿ ಪಾರಾಗುವುದರ ಎದುರು ಇಟ್ಟು ತೂಗಬೇಕು. ಅಪಾಯ ಹೆಚ್ಚಿರುವವರಿಗೆ ತಕ್ಕಡಿ ಗುಳಿಗೆಯ ಕಡೆ ವಾಲುತ್ತದೆ. ಅಪಾಯವೇ ಇಲ್ಲದವರಿಗೆ ವಾಲಬೇಕೆಂದಿಲ್ಲ.

ಮೈಕೈ ನೋವು ತಡೆಯಲಾರದಷ್ಟಿದ್ದು ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಮಗುವಿಗೆ ಹಾಲುಣಿಸುವವರು, ಮಗು ಬೇಕೆಂದು ಯೋಜಿಸುತ್ತಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಕ್ಲಾರಿಥ್ರೋಮೈಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್ ಬರೆಸಿಕೊಳ್ಳುವಾಗಲೂ ಕೊಲೆಸ್ಟ್ರಾಲ್ ಗುಳಿಗೆಯ ವಿಷಯ ಹೇಳಬೇಕು.

ಫಾರ್ವರ್ಡ್‌ಗಳು ಮತ್ತು ವಾಸ್ತವ

"ಸ್ಟಾಟಿನ್ ತೆಗೆದುಕೊಳ್ಳುವವರು ದ್ರಾಕ್ಷಿ ತಿನ್ನಬಾರದು." ತಪ್ಪು. ದ್ರಾಕ್ಷಿ, ಮನೂಕದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಇಂಗ್ಲಿಷಿನ ಎಚ್ಚರಿಕೆಯಲ್ಲಿ ಇರುವುದು ಗ್ರೇಪ್‌ಫ್ರೂಟ್. ಅದು ಕಿತ್ತಳೆ, ಚಕ್ಕೋತದ ಜಾತಿಯ ಹುಳಿ ಹಣ್ಣು. ಕನ್ನಡಕ್ಕೆ ಬರುವಾಗ ಎಷ್ಟೋ ಸಲ ಅದು "ದ್ರಾಕ್ಷಿಹಣ್ಣು" ಆಗಿಬಿಡುತ್ತದೆ. ಗ್ರೇಪ್‌ಫ್ರೂಟ್ ರಸ ಅಟೊರ್ವಾಸ್ಟಾಟಿನ್, ಸಿಂವಾಸ್ಟಾಟಿನ್ ಗುಳಿಗೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದು. ತಿಕೋಟಾದ ದ್ರಾಕ್ಷಿಗೆ ಆ ದೋಷವಿಲ್ಲ. ಶುಗರ್ ಇರುವವರು ದ್ರಾಕ್ಷಿ, ಮನೂಕವನ್ನು ಅಳತೆಯಲ್ಲಿ ತಿನ್ನಬೇಕು, ಅದು ಬೇರೆ ಮಾತು.

"ಬೆಳ್ಳುಳ್ಳಿ–ನಿಂಬೆ ಕಷಾಯ ಬ್ಲಾಕೇಜ್ ಕರಗಿಸುತ್ತದೆ." ತಪ್ಪು. ಬೆಳ್ಳುಳ್ಳಿ ಕೊಲೆಸ್ಟ್ರಾಲ್ ಅನ್ನು ಅಲ್ಪ ಇಳಿಸಬಹುದು. ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಬೆಳೆದ ಜಮೆಯನ್ನು ಅದು ಕರಗಿಸುತ್ತದೆ ಎನ್ನಲು ಆಧಾರವಿಲ್ಲ.

"ಕೊಲೆಸ್ಟ್ರಾಲ್ ಅಪಾಯವಲ್ಲ ಎಂದು ಅಮೆರಿಕವೇ ಒಪ್ಪಿದೆ." ಅರ್ಧ ಸತ್ಯ. 2015–2020ರ ಅಮೆರಿಕದ ಆಹಾರ ಮಾರ್ಗಸೂಚಿ "ದಿನಕ್ಕೆ 300 ಮಿ.ಗ್ರಾಂ ಕೊಲೆಸ್ಟ್ರಾಲ್" ಎಂಬ ಊಟದ ಮಿತಿಯನ್ನು ಕೈಬಿಟ್ಟಿತು. ಅದು ತಾಟಿನಲ್ಲಿರುವ ಕೊಲೆಸ್ಟ್ರಾಲ್ ಮಾತು. ರಕ್ತದಲ್ಲಿರುವ ಎಲ್‌ಡಿಎಲ್ ಅಪಾಯವಲ್ಲ ಎಂದು ಅದು ಹೇಳಿಲ್ಲ.

"ನಮ್ಮ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಸೊನ್ನೆ." ನಿಜ, ಆದರೆ ಅದರಲ್ಲಿ ವಿಶೇಷವೇನೂ ಇಲ್ಲ. ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಪ್ಯಾಕೆಟ್ ಮೇಲೆ ನೋಡಬೇಕಾದದ್ದು ಸ್ಯಾಚುರೇಟೆಡ್ ಫ್ಯಾಟ್ ಮತ್ತು ಟ್ರಾನ್ಸ್ ಫ್ಯಾಟ್.

"ನಂಬರ್ ನಾರ್ಮಲ್ ಬಂತು, ಇನ್ನು ಗುಳಿಗೆ ಬೇಡ." ತಪ್ಪು. ಗುಳಿಗೆ ಕೆಲಸ ಮಾಡುತ್ತಿರುವುದರಿಂದಲೇ ನಂಬರ್ ಇಳಿದಿದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಏರುತ್ತದೆ.

ಒಂದು ಸುದ್ದಿಯಿಂದ ಗುಳಿಗೆ ಬಿಟ್ಟವರಿಗೆ ಏನಾಯಿತು?

ಡೆನ್ಮಾರ್ಕ್‌ನಲ್ಲಿ ಸ್ಟಾಟಿನ್ ಶುರು ಮಾಡಿದ 6,74,900 ಮಂದಿಯ ದಾಖಲೆಗಳನ್ನು ಸಂಶೋಧಕರು ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸ್ಟಾಟಿನ್ ವಿರುದ್ಧ ಸುದ್ದಿಗಳು ಬಂದ ಕಾಲದಲ್ಲಿ ಗುಳಿಗೆಯನ್ನು ಬೇಗ ಬಿಡುವವರು ಹೆಚ್ಚಾದರು. ಹಾಗೆ ಬೇಗ ಬಿಟ್ಟವರಲ್ಲಿ, ಮುಂದುವರಿಸಿದವರಿಗೆ ಹೋಲಿಸಿದರೆ, ಹೃದಯಾಘಾತ 26% ಮತ್ತು ಹೃದಯ–ರಕ್ತನಾಳದ ಕಾಯಿಲೆಯಿಂದ ಸಾವು 18% ಹೆಚ್ಚು ಕಂಡುಬಂತು. ಸುದ್ದಿಯೇ ಸಾವಿಗೆ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೆ ನಾವು ಒತ್ತುವ ಫಾರ್ವರ್ಡ್ ಬಟನ್ ಇನ್ನೊಬ್ಬರ ಮನೆಯ ಔಷಧದ ಡಬ್ಬಿಯವರೆಗೂ ಹೋಗಬಹುದು ಎಂಬುದನ್ನು ಅದು ನೆನಪಿಸುತ್ತದೆ. ನಿಮ್ಮ ಗುಂಪಿನಲ್ಲಿರುವ ನೂರು ಮಂದಿಯಲ್ಲಿ ಯಾರ ಎದೆಯಲ್ಲಿ ಸ್ಟೆಂಟ್ ಇದೆ ಎಂದು ನಿಮಗೆ ಗೊತ್ತಿರುವುದಿಲ್ಲ.

ವೈದ್ಯರನ್ನು ಏನು ಕೇಳಬೇಕು?

ಮುಂದಿನ ಸಲ ಹೋದಾಗ ಹಳೆಯ ವರದಿ ಮತ್ತು ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಯ ಪಟ್ಟಿ ಒಯ್ಯಿರಿ. ಕಷಾಯ, ಚೂರ್ಣ ಏನಾದರೂ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಸಂಕೋಚವಿಲ್ಲದೆ ಕೇಳಿ:

• "ಸಾಹೇಬ್ರ, ನನ್ನ ಅಪಾಯ ಎಷ್ಟದ? ಕಡಿಮೆನೋ, ಹೆಚ್ಚೋ?"
• "ನನಗ ಎಲ್‌ಡಿಎಲ್ ಎಷ್ಟರೊಳಗ ಇರಬೇಕ್ರಿ?"
• "ಮೊದಲ ಮೂರು ತಿಂಗಳು ಪಥ್ಯ, ವಾಕಿಂಗ್ ಮಾಡಿ ನೋಡಬಹುದೇನ್ರಿ, ಇಲ್ಲಾ ಈಗಿಂದನ ಗುಳಿಗಿ ಬೇಕೋ?"
• "ಮೈಕೈ ನೋವಾದ್ರ ಏನ್ ಮಾಡಬೇಕ್ರಿ? ಬೇರೆ ಗುಳಿಗಿ ಅದಾವೇನ್ರಿ?"

ಪರೀಕ್ಷೆಗೆ ಉಪವಾಸ ಎಲ್ಲರಿಗೂ ಕಡ್ಡಾಯವಲ್ಲ. ಸಿಎಸ್ಐ ಮಾರ್ಗಸೂಚಿ ಊಟವಾದ ಮೇಲಿನ ಪರೀಕ್ಷೆಯನ್ನೂ ಒಪ್ಪುತ್ತದೆ. ಟ್ರೈಗ್ಲಿಸರೈಡ್ ತುಂಬಾ ಹೆಚ್ಚಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡುತ್ತಾರೆ. ಗುಳಿಗೆಯ ಖರ್ಚು ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಜೆನೆರಿಕ್ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವೈದ್ಯರ ಚೀಟಿ ಇಲ್ಲದೆ ತಂದು ನುಂಗಬೇಡಿ.

ಕೊನೆಯದಾಗಿ, ಗುಳಿಗೆ ಮತ್ತು ಪಥ್ಯ ಎದುರಾಳಿಗಳಲ್ಲ. ಸ್ಟಾಟಿನ್ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು 6% ಮಾತ್ರ. ದಿನಕ್ಕೊಂದು ಬಟ್ಟಲು ಕಾಳು ಪಲ್ಯ ಹೆಚ್ಚುಕಡಿಮೆ ಅಷ್ಟನ್ನೇ ಇಳಿಸುತ್ತದೆ. ಗುಳಿಗೆ ಬೇಕಿಲ್ಲದವರಿಗೆ ಪಥ್ಯವೇ ಮದ್ದು. ಬೇಕಾದವರಿಗೆ ಪಥ್ಯ ಆ ಗುಳಿಗೆಯ ಜೊತೆಗಾರ. ನೀವು ಯಾವ ಗುಂಪಿನವರು ಎಂಬುದನ್ನು ನಿಮ್ಮನ್ನು ನೋಡಿ, ನಿಮ್ಮ ವರದಿ ಓದಿ ಹೇಳುವವರು ನಿಮ್ಮ ವೈದ್ಯರು. ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ತಣ್ಣನೆಯ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಆ ಹೊತ್ತಿನಲ್ಲಿ ಯಾವ ಕಷಾಯವೂ ಕೆಲಸಕ್ಕೆ ಬರುವುದಿಲ್ಲ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ಯಾವುದೇ ಔಷಧ ಶುರು ಮಾಡುವ, ಬದಲಿಸುವ ಅಥವಾ ನಿಲ್ಲಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ.